ಮೊದಲ ಆರ್‌ಸಿ ಸೀಪ್ಲೇನ್: ಫೋಮ್ ಶೀಟ್‌ನಿಂದ ಕೆರೆಯ ನೀರಿನ ತನಕ

ಸೀಪ್ಲೇನ್ ಅಂದರೆ ಮೊದಲು ದೋಣಿ, ಆಮೇಲೆ ವಿಮಾನ. ಮೊದಲ ಸಲ ಕಟ್ಟುವವರು ರೆಕ್ಕೆ, ಬಣ್ಣ, ಮೋಟಾರ್ ಅಂತ ತಲೆ ಕೆಡಿಸಿಕೊಂಡು ತಳವನ್ನು ಸುಮ್ನೆ ಒಂದು ಪೆಟ್ಟಿಗೆ ಮಾಡಿಬಿಡುತ್ತಾರೆ. ಆಮೇಲೆ ಅದು ಕೆರೆಯ ಈ ದಡದಿಂದ ಆ ದಡಕ್ಕೆ ನೊರೆ ಎಬ್ಬಿಸಿಕೊಂಡು ಓಡುತ್ತದೆ, ಏಳುವುದೇ ಇಲ್ಲ. ರೆಕ್ಕೆಗೆ ಎಷ್ಟು ಗಮನ ಕೊಡುತ್ತೀರೋ ತಳಕ್ಕೆ ಅದರ ಎರಡರಷ್ಟು ಕೊಡಿ. ಈ ಮಾರ್ಗದರ್ಶಿಯಲ್ಲಿ ನಾನು ಮಾಡಿರುವುದೂ ಅದನ್ನೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ನಿಮ್ಮ ಮೊದಲ ಸೀಪ್ಲೇನ್ ಆಗಬಹುದು, ಮೊದಲ ಆರ್‌ಸಿ (ರೇಡಿಯೋದಿಂದ ನಡೆಸುವ) ವಿಮಾನ ಆಗಬಾರದು. ನೆಲದಿಂದ ಏಳುವ ಒಂದು ಟ್ರೈನರ್ ವಿಮಾನವನ್ನು ಸುತ್ತು ಹೊಡೆಸಿ ಪೆಟ್ಟಾಗದಂತೆ ಇಳಿಸಲು ಬರಬೇಕು. ಅದು ಬರದಿದ್ದರೆ ಮೊದಲು ಕಂಪ್ಯೂಟರ್ ಸಿಮ್ಯುಲೇಟರ್, ಆಮೇಲೆ ಟ್ರೈನರ್, ಆಮೇಲೆ ಕೆರೆ.

ಯಾವ ಬಗೆಯದು ಕಟ್ಟಬೇಕು

ಎರಡು ದಾರಿ ಇವೆ. ಒಂದು, ಇರುವ ಟ್ರೈನರ್‌ನ ಚಕ್ರ ಬಿಚ್ಚಿ ಕೆಳಗೆ ಎರಡು ತೇಲುಗಳನ್ನು ಕಟ್ಟುವುದು. ಇನ್ನೊಂದು, ವಿಮಾನದ ಹೊಟ್ಟೆಯನ್ನೇ ದೋಣಿ ಮಾಡುವುದು, ಅಂದರೆ ಫ್ಲೈಯಿಂಗ್ ಬೋಟ್. ನಾನು ಎರಡನೆಯದನ್ನೇ ಮಾಡಿ ಅನ್ನುತ್ತೇನೆ. ತೇಲುಗಳ ಮೇಲೆ ನಿಂತ ವಿಮಾನದ ಭಾರ ಎತ್ತರದಲ್ಲಿರುತ್ತದೆ, ಅಡ್ಡಗಾಳಿಗೆ ಬೇಗ ಮಗುಚಿಕೊಳ್ಳುತ್ತದೆ, ತೇಲುಗಳ ಕಂಬಿ ಒಂದು ಚೂರು ಓರೆಯಾದರೂ ನೇರ ಓಡುವುದಿಲ್ಲ. ಫ್ಲೈಯಿಂಗ್ ಬೋಟ್‌ನಲ್ಲಿ ಬ್ಯಾಟರಿ ನೀರಿನ ಮಟ್ಟದಲ್ಲೇ ಕೂರುತ್ತದೆ. ಜೊತೆಗೆ ಒದ್ದೆ ಹುಲ್ಲಿನ ಮೇಲೂ ಹೊಟ್ಟೆಯಲ್ಲೇ ಇಳಿಸಬಹುದು, ಇದರ ಲಾಭ ಮುಂದೆ ಗೊತ್ತಾಗುತ್ತದೆ.

ಬೆಂಗಳೂರಿಗೆ ಇಂಥ ವಿಮಾನ ಹೊಸದೇನೂ ಅಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಎಚ್‌ಎಎಲ್‌ಗೆ ರಿಪೇರಿಗೆ ಬರುತ್ತಿದ್ದ ಕ್ಯಾಟಲೀನಾ ಫ್ಲೈಯಿಂಗ್ ಬೋಟ್‌ಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಕ್ಯಾಟಲೀನಾದ ಫೋಟೋ ಒಮ್ಮೆ ತೆಗೆದು ನೋಡಿ. ರೆಕ್ಕೆ ಹೊಟ್ಟೆಯಿಂದ ಮೇಲೆ ಕಂಬದ ಮೇಲಿದೆ, ಎಂಜಿನ್‌ಗಳು ಆ ರೆಕ್ಕೆಯಲ್ಲಿವೆ. ನೀರಿನ ಸಿಂಚನ ಪ್ರೊಪೆಲ್ಲರ್‌ಗೆ ಹೊಡೆಯಬಾರದು, ಅದಕ್ಕೇ. ನಮ್ಮ ಪುಟ್ಟ ವಿಮಾನದಲ್ಲೂ ಮೋಟಾರ್ ರೆಕ್ಕೆಯ ಮೇಲೆ ಕಂಬದಲ್ಲಿ ಕೂರುತ್ತದೆ.

ಸಾಮಾನು

ಒಂದು ಮೀಟರ್ ರೆಕ್ಕೆಯ, ಸುಮಾರು 700 ಗ್ರಾಂ ತೂಗುವ ವಿಮಾನ ಅಂತ ಇಟ್ಟುಕೊಳ್ಳೋಣ. 5 ಅಥವಾ 6 ಮಿಮೀ ದಪ್ಪದ, ಡೆಪ್ರಾನ್ ಅನ್ನುವ ಫೋಮ್ ಶೀಟ್ ಬೇಕು, ಹಾಬಿ ಸಾಮಾನು ಮಾರುವ ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತದೆ. ಪ್ಯಾಕಿಂಗ್‌ಗೆ ಬರುವ ಕಾಳು ಕಾಳಿನ ಥರ್ಮಾಕೋಲ್ ಬೇಡ, ಅದು ಮುರಿಯುವುದೂ ಬೇಗ, ಕಾಳುಗಳ ಸಂದಿಯಲ್ಲಿ ನೀರು ಇಳಿಯುವುದೂ ಜಾಸ್ತಿ.

ಮೋಟಾರ್‌ಗೆ ಎ2212, 1400 ಕೆವಿ (ಒಂದು ವೋಲ್ಟ್‌ಗೆ ನಿಮಿಷಕ್ಕೆ 1400 ಸುತ್ತು). ಅದಕ್ಕೆ 8x4 ಪ್ರೊಪೆಲ್ಲರ್, 30 ಆಂಪಿಯರ್ ಇಎಸ್‌ಸಿ (ಮೋಟಾರ್‌ನ ವೇಗ ನಿಯಂತ್ರಿಸುವ ಸರ್ಕ್ಯೂಟ್), 3ಎಸ್ (ಮೂರು ಸೆಲ್‌ನ) 1300 ಎಂಎಎಚ್ ಲಿಪೋ ಬ್ಯಾಟರಿ. 9 ಗ್ರಾಂ ಸರ್ವೋ, ಅಂದರೆ ರೆಕ್ಕೆ, ಬಾಲದ ಪಟ್ಟಿಗಳನ್ನು ಅಲ್ಲಾಡಿಸುವ ಪುಟ್ಟ ಮೋಟಾರ್, ನಾಲ್ಕು: ಏಲೆರಾನ್‌ಗೆ (ರೆಕ್ಕೆಯ ಹಿಂದಿನ ಅಂಚಿನ ಪಟ್ಟಿ) ಎರಡು, ಎಲಿವೇಟರ್‌ಗೆ (ಅಡ್ಡ ಬಾಲದ ಪಟ್ಟಿ) ಒಂದು, ರಡ್ಡರ್‌ಗೆ (ನಿಂತ ಬಾಲದ ಪಟ್ಟಿ) ಒಂದು. ರೇಡಿಯೋ ಆರು ಚಾನೆಲ್‌ನದ್ದು ಯಾವುದಾದರೂ ಆಗುತ್ತದೆ, ಫ್ಲೈಸ್ಕೈ ಐ6 ಥರದ್ದು ಇದ್ದರೆ ಬೇಕಾದಷ್ಟಾಯಿತು. ರೆಕ್ಕೆಗೆ 6 ಮಿಮೀ ಕಾರ್ಬನ್ ಟ್ಯೂಬ್ ಒಂದು ಮೀಟರ್, ಮೋಟಾರ್ ಕೂರಿಸಲು 3 ಮಿಮೀ ಪ್ಲೈವುಡ್ ತುಂಡು.

ಅಂಟಿನ ವಿಷಯದಲ್ಲಿ ಎಚ್ಚರ. ಫೆವಿಕ್ವಿಕ್ ಡೆಪ್ರಾನ್‌ಗೆ ತಾಗಿದರೆ ಫೋಮ್ ಕರಗಿ ಗುಂಡಿ ಬೀಳುತ್ತದೆ. ಚಪ್ಪಲಿ, ರಬ್ಬರ್ ಅಂಟಿಸುವ ಹಳದಿ ಗಮ್ಮೂ ಹಾಗೇ. ಬಿಳಿ ಫೆವಿಕಾಲ್ ನೀರಿಗೆ ಬಿಟ್ಟುಕೊಳ್ಳುತ್ತದೆ, ಒಣಗುವುದೂ ನಿಧಾನ. ತಳಕ್ಕೆ, ರೆಕ್ಕೆಯ ನಡುವಿಗೆ, ಮೋಟಾರ್ ಕಂಬಕ್ಕೆ ಅರಾಲ್ಡೈಟ್‌ನಂಥ ಎರಡು ಟ್ಯೂಬಿನ ಎಪಾಕ್ಸಿಯೇ ಆಗಬೇಕು. ಉಳಿದ ಕಡೆ ಹಾಟ್ ಗ್ಲೂ ನಡೆಯುತ್ತದೆ, ಗನ್ ತೀರಾ ಕಾದಿರಬಾರದು ಅಷ್ಟೇ.

ತಳ, ಇಲ್ಲೇ ಎಲ್ಲಾ ಇರುವುದು

ಒದ್ದೆ ಕಲ್ಲಿನ ಮೇಲೆ ತಟ್ಟೆ ಇಟ್ಟು ಎತ್ತಲು ಹೋದರೆ ಬಿಡದೆ ಅಂಟಿಕೊಳ್ಳುತ್ತದಲ್ಲ, ಉದ್ದಕ್ಕೂ ಸಪಾಟಾಗಿರುವ ತಳವನ್ನು ನೀರು ಹಿಡಿದುಕೊಳ್ಳುವುದೂ ಹಾಗೆಯೇ. 1912ರಲ್ಲಿ ಅಮೆರಿಕದ ವಿಮಾನ ತಯಾರಕ ಗ್ಲೆನ್ ಕರ್ಟಿಸ್‌ಗೆ ಎದುರಾದದ್ದೂ ಇದೇ ಸಮಸ್ಯೆ. ಅವನ ಮೊದಲ ಫ್ಲೈಯಿಂಗ್ ಬೋಟ್ ನೀರು ಬಿಟ್ಟು ಏಳಲಿಲ್ಲ. ತಳದ ನಡುವೆ ಅಡ್ಡಲಾಗಿ ಒಂದು ಸ್ಟೆಪ್, ಅಂದರೆ ಮೆಟ್ಟಿಲಿನಂಥ ಅಂಚು, ಕೊಟ್ಟ ಮೇಲೆ ದಾರಿ ಸಿಕ್ಕಿತು. ಸ್ಟೆಪ್ ಇದ್ದರೆ ವೇಗ ಬಂದಾಗ ನೀರು ಆ ಅಂಚಿನಲ್ಲಿ ತಳದಿಂದ ಬಿಡಿಸಿಕೊಳ್ಳುತ್ತದೆ, ಹಿಂದಿನ ಅರ್ಧಕ್ಕೆ ಗಾಳಿ ನುಗ್ಗುತ್ತದೆ, ವಿಮಾನ ಮುಂದಿನ ಅರ್ಧದ ಮೇಲೆ ಜಾರತೊಡಗುತ್ತದೆ. ಆಗ ಮೂತಿಯನ್ನು ಸ್ವಲ್ಪ ಎತ್ತಲೂ ಜಾಗ ಸಿಗುತ್ತದೆ.

ಅಳತೆ ಹೀಗಿರಲಿ. ಬಾಡಿಯ ಉದ್ದ 880 ಮಿಮೀ. ಮೂತಿಯಿಂದ 320 ಮಿಮೀ ಹಿಂದಕ್ಕೆ ರೆಕ್ಕೆಯ ಮುಂದಿನ ಅಂಚು. ರೆಕ್ಕೆಯ ಅಗಲ 200 ಮಿಮೀ. ಸಿಜಿ, ಅಂದರೆ ಬೆರಳ ಮೇಲೆ ಇಟ್ಟರೆ ವಿಮಾನ ಸಮತೂಕವಾಗಿ ನಿಲ್ಲುವ ಜಾಗ, ಆ ಅಂಚಿನಿಂದ 55 ಮಿಮೀ ಹಿಂದೆ. ಸ್ಟೆಪ್ ಸಿಜಿಗಿಂತ 12 ಮಿಮೀ ಹಿಂದೆ, ಅಂದರೆ ಮೂತಿಯಿಂದ 387 ಮಿಮೀಗೆ. ಈ ಒಂದು ಅಳತೆಯನ್ನು ಕಣ್ಣಂದಾಜಿನಲ್ಲಿ ಹಾಕಬೇಡಿ, ಸ್ಕೇಲ್ ಇಟ್ಟೇ ಗೆರೆ ಎಳೆಯಿರಿ. ಸ್ಟೆಪ್ ತೀರಾ ಹಿಂದೆ ಹೋದರೆ ಮೂತಿ ನೀರು ಕುಡಿಯುತ್ತದೆ, ಎಷ್ಟು ಎಲಿವೇಟರ್ ಎಳೆದರೂ ಮೇಲೇಳುವುದಿಲ್ಲ. ಸಿಜಿಗಿಂತ ಮುಂದೆ ಬಂದರೆ ವಿಮಾನ ಬಾಲದ ಮೇಲೆ ಕೂತುಬಿಡುತ್ತದೆ, ಓಡುವಾಗ ಕುಣಿಯುತ್ತದೆ.

ಸ್ಟೆಪ್‌ನ ಆಳ 12 ಮಿಮೀ. ಅದರಿಂದ ಹಿಂದಕ್ಕೆ ತಳ ಸುಮಾರು 6 ಡಿಗ್ರಿ ಮೇಲಕ್ಕೆ ಏರುತ್ತಾ ಬಾಲದ ತನಕ ಹೋಗಲಿ. ಬಾಡಿಯ ಅಗಲ ಸ್ಟೆಪ್ ಹತ್ತಿರ 90 ಮಿಮೀ, ಮೂತಿಯಲ್ಲಿ 60, ಬಾಲದಲ್ಲಿ 30. ಈ ಗಾತ್ರಕ್ಕೆ ಚಪ್ಪಟೆ ತಳ ಸಾಕು. ವಿ ಆಕಾರದ ತಳ ಇಳಿಯುವಾಗ ಮೆತ್ತಗಿರುತ್ತದೆ ನಿಜ, ಆದರೆ ಮೊದಲ ಸಲ ಅದರ ಜೋಡಣೆಯಲ್ಲಿ ತಿರುಚು ಬರುತ್ತದೆ.

ಕಟ್ಟುವ ಕ್ರಮ: ಎರಡು ಪಕ್ಕೆಗಳನ್ನು ಒಟ್ಟಿಗೆ ಪಿನ್ ಚುಚ್ಚಿ ಒಂದೇ ಸಲ ಕತ್ತರಿಸಿ, ಆಗ ಎರಡೂ ಒಂದೇ ಥರ ಬರುತ್ತವೆ. ನಡುವೆ ಐದಾರು ಅಡ್ಡ ಗೋಡೆ ಕೊಡಿ. ಒಂದು ಗೋಡೆ ಸರಿಯಾಗಿ ಸ್ಟೆಪ್ ಮೇಲೇ ಬರಬೇಕು. ಸ್ಟೆಪ್ ಹಿಂದಿನ ಭಾಗ ಪೂರ್ತಿ ಮುಚ್ಚಿದ ಕೋಣೆ ಆಗಿರಲಿ, ಅಲ್ಲಿಗೆ ನೀರು ಸೇರಿದರೆ ಭಾರವೆಲ್ಲ ಬಾಲಕ್ಕೆ ಬರುತ್ತದೆ. ಮುಂದಿನ ತಳಕ್ಕೆ ಎರಡು ಪದರ ಡೆಪ್ರಾನ್ ಹಾಕಿ. ಸ್ಟೆಪ್‌ನ ಅಂಚು ಚೂಪಾಗಿರಬೇಕು. ಅದನ್ನು ಉಪ್ಪುಕಾಗದದಲ್ಲಿ ಉಜ್ಜಿ ಚೆಂದಕ್ಕೆ ದುಂಡಗೆ ಮಾಡುವ ಆಸೆ ಎಲ್ಲರಿಗೂ ಬರುತ್ತದೆ, ದಯವಿಟ್ಟು ಬೇಡ. ಅಂಚು ದುಂಡಗಾದರೆ ನೀರು ಅದನ್ನೇ ಸುತ್ತಿಕೊಂಡು ಹಿಂದಕ್ಕೆ ಹೋಗುತ್ತದೆ, ಸ್ಟೆಪ್ ಇದ್ದೂ ಇಲ್ಲದಂತಾಗುತ್ತದೆ. ಬೇಕಾದರೆ ಅಂಚಿಗೆ ಹಳೇ ಪ್ಲಾಸ್ಟಿಕ್ ಫೈಲ್‌ನಿಂದ ಕತ್ತರಿಸಿದ ತೆಳು ಪಟ್ಟಿ ಅಂಟಿಸಿ, ಒಂದು ಮಿಮೀ ಹೊರಗೆ ಚಾಚಿದ್ದರೂ ಸರಿ. ತಳ ಮತ್ತು ಪಕ್ಕೆ ಸೇರುವ ಕಡೆ, ಮೂತಿಯಿಂದ ಸ್ಟೆಪ್ ತನಕ, 5 ಮಿಮೀ ಅಗಲದ ಪಟ್ಟಿ ಎರಡೂ ಬದಿಗೆ ಇರಲಿ. ಸಿಂಚನ ಮೇಲಕ್ಕೆ ಹಾರದೆ ಪಕ್ಕಕ್ಕೆ ಹೋಗುತ್ತದೆ.

ರೆಕ್ಕೆ, ಬಾಲ, ಮೋಟಾರ್

ರೆಕ್ಕೆಯಲ್ಲಿ ಜಾಣತನ ತೋರಿಸುವ ಅಗತ್ಯವಿಲ್ಲ. 1000 x 200 ಮಿಮೀ ಶೀಟ್, ಅದರ ಮೇಲೆ ಮುಂದಿನ ಅರ್ಧಕ್ಕೆ 100 ಮಿಮೀ ಅಗಲದ ಇನ್ನೊಂದು ಪದರ. ಈ ಬಗೆಯನ್ನು ಕೆಎಫ್ಎಂ2 ಅನ್ನುತ್ತಾರೆ, ಫೋಮ್ ವಿಮಾನಕ್ಕೆ ಚೆನ್ನಾಗಿ ಒಗ್ಗುತ್ತದೆ. ಕೆಳಪದರದಲ್ಲಿ ಸೀಳು ಮಾಡಿ ಕಾರ್ಬನ್ ಟ್ಯೂಬ್ ಇಟ್ಟು ಎಪಾಕ್ಸಿ ತುಂಬಿ. ರೆಕ್ಕೆಯ ಮುಂದಿನ ಅಂಚು ಹಿಂದಿನದಕ್ಕಿಂತ 7 ಮಿಮೀ ಮೇಲಿರುವಂತೆ ಬಾಡಿ ಮೇಲೆ ಕೂರಿಸಿ, ಅದು ಸುಮಾರು 2 ಡಿಗ್ರಿ ಆಯಿತು. ಈ ಲೆಕ್ಕದಲ್ಲಿ ರೆಕ್ಕೆಯ ವಿಸ್ತೀರ್ಣ 20 ಚದರ ಡೆಸಿಮೀಟರ್, 700 ಗ್ರಾಂ ತೂಕಕ್ಕೆ ಚದರ ಡೆಸಿಮೀಟರ್‌ಗೆ 35 ಗ್ರಾಂ. ಗಂಟೆಗೆ 30 ಕಿಮೀ ಆಸುಪಾಸಿನ ವೇಗಕ್ಕೇ ನೀರು ಬಿಡುತ್ತದೆ. ತೂಕ 900 ಗ್ರಾಂ ಆದರೂ ಹಾರುತ್ತದೆ, ಆದರೆ ಓಟ ಉದ್ದವಾಗುತ್ತದೆ. ಅದಕ್ಕೇ ಬಣ್ಣ ಬಳಿಯುವ ಬದಲು ಬಣ್ಣದ ಟೇಪ್ ಹಾಕಿ.

ರೆಕ್ಕೆಯ ತುದಿಯಿಂದ 70 ಮಿಮೀ ಒಳಗೆ, ಎರಡೂ ಕಡೆ, 120 x 35 x 30 ಮಿಮೀ ಫೋಮ್ ತೇಲು. ರೆಕ್ಕೆ ಮಟ್ಟವಾಗಿದ್ದಾಗ ಇವು ನೀರಿನಿಂದ 10 ಮಿಮೀ ಮೇಲಿರಬೇಕು. ನಿಂತಾಗ ವಿಮಾನ ಯಾವುದಾದರೂ ಒಂದು ಬದಿಗೆ ವಾಲಿ ಕೂರುತ್ತದೆ, ಅದು ಸರಿಯೇ. ಎರಡೂ ಒಟ್ಟಿಗೆ ನೀರಲ್ಲಿದ್ದರೆ ಓಟಕ್ಕೆ ತಡೆ. ತೇಲಿನ ಮುಂಭಾಗ ಸ್ವಲ್ಪ ಮೇಲಕ್ಕೆ ಮುಖ ಮಾಡಿರಲಿ, ಇಲ್ಲದಿದ್ದರೆ ನೀರಿಗೆ ಸಿಕ್ಕಿಕೊಂಡು ವಿಮಾನವನ್ನು ಗಿರಕಿ ಹೊಡೆಸುತ್ತದೆ.

ಅಡ್ಡ ಬಾಲ 380 x 120 ಮಿಮೀ. ಅದನ್ನು ಬಾಡಿ ಮೇಲೆ ಅಂಟಿಸದೆ ನಿಂತ ಬಾಲದ ನಡುವಿನಲ್ಲಿ ಕೂರಿಸಿ, ಸಿಂಚನದಿಂದ ದೂರ ಇರುತ್ತದೆ.

ಮೋಟಾರ್ ಕಂಬ ರೆಕ್ಕೆಯ ನಡುವಿನಲ್ಲಿ, ಪ್ರೊಪೆಲ್ಲರ್ ರೆಕ್ಕೆಯ ಮುಂದಿನ ಅಂಚಿನ ಮೇಲೆ ಬರುವಂತೆ. 8 ಇಂಚಿನ ಪ್ರೊಪೆಲ್ಲರ್‌ನ ಅರ್ಧ ಸುಮಾರು 102 ಮಿಮೀ, ಹಾಗಾಗಿ ಮೋಟಾರ್ ಶಾಫ್ಟ್ ರೆಕ್ಕೆಯಿಂದ 115 ಮಿಮೀ ಮೇಲಿರಲಿ. ಇಷ್ಟು ಮೇಲಿಂದ ಎಳೆದರೆ ಥ್ರಾಟಲ್, ಅಂದರೆ ಮೋಟಾರ್‌ಗೆ ವೇಗ, ಕೊಟ್ಟಾಗ ಮೂತಿ ಕೆಳಗೆ ಹೋಗುತ್ತದೆ, ತೆಗೆದಾಗ ಮೇಲೇಳುತ್ತದೆ. ನೆಲದ ಟ್ರೈನರ್‌ಗೆ ಪಳಗಿದ ಕೈಗೆ ಇದು ಉಲ್ಟಾ ಅನಿಸುತ್ತದೆ. ಮೋಟಾರ್‌ನ ಮುಖವನ್ನು 5 ಡಿಗ್ರಿ ಮೇಲಕ್ಕೆ ತಿರುಗಿಸಿದರೆ ಅದರ ಗಾಳಿ ಹಿಂದಕ್ಕೂ ಕೆಳಕ್ಕೂ ಬೀಸಿ ಅಡ್ಡ ಬಾಲವನ್ನು ಒತ್ತುತ್ತದೆ, ಈ ತೊಂದರೆ ಬಹಳ ಮಟ್ಟಿಗೆ ತಗ್ಗುತ್ತದೆ. ಉಳಿದದ್ದನ್ನು ರೇಡಿಯೋದಲ್ಲಿ ಥ್ರಾಟಲ್ ಜೊತೆ ಚೂರು ಎಲಿವೇಟರ್ ಮಿಕ್ಸ್ ಮಾಡಿ ಸರಿಪಡಿಸಬಹುದು.

ನೀರಿನಿಂದ ಕಾಪಾಡುವುದು

ಡೆಪ್ರಾನ್ ನೀರು ಕುಡಿಯುವುದಿಲ್ಲ, ನೀರು ಬರುವುದು ಸಂದಿಗಳಿಂದ. ತಳ ಮತ್ತು ಪಕ್ಕೆಯ ಅಂಚುಗಳಿಗೆಲ್ಲ ಪ್ಯಾಕಿಂಗ್ ಟೇಪ್ ಸುತ್ತಿ, ಮುಂದಿನ ತುಂಡು ಹಿಂದಿನದರ ಮೇಲೆ ಬರುವಂತೆ. ಆಗ ಓಡುವಾಗ ನೀರು ಟೇಪ್‌ನ ಬಾಯಿಗೆ ನುಗ್ಗುವುದಿಲ್ಲ. ಪುಶ್‌ರಾಡ್, ಅಂದರೆ ಸರ್ವೋದಿಂದ ಬಾಲದ ಪಟ್ಟಿಗೆ ಹೋಗುವ ಕಂಬಿ, ಹೊರಬರುವ ತೂತಿಗೆ ವ್ಯಾಸಲೀನ್ ತುಂಬಿ. ಬ್ಯಾಟರಿ ಬಾಗಿಲು ಮೇಲ್ಗಡೆ ಇರಲಿ, ಪ್ರತಿ ಹಾರಾಟಕ್ಕೂ ಟೇಪ್ ಹಾಕಿ ಮುಚ್ಚಿ.

ರೇಡಿಯೋ ಸಿಗ್ನಲ್ ಹಿಡಿಯುವ ರಿಸೀವರ್‌ಗೆ ಬಲೂನ್ ತೊಡಿಸಿ ಬಾಯಿ ಕಟ್ಟುವುದು ಹಳೇ ಉಪಾಯ, ಈಗಲೂ ಒಳ್ಳೆಯದೇ. ಅದಕ್ಕಿಂತ ಒಳ್ಳೆಯದು, ಅದರ ಸರ್ಕ್ಯೂಟ್ ಬೋರ್ಡ್‌ಗೆ ಬಣ್ಣವಿಲ್ಲದ ನೈಲ್ ಪಾಲಿಶ್ ಅಥವಾ ಕನ್ಫಾರ್ಮಲ್ ಕೋಟಿಂಗ್ ಎರಡು ಸಲ ಹಚ್ಚುವುದು, ಪಿನ್ ಮತ್ತು ಬಟನ್ ಬಿಟ್ಟು. ಇಎಸ್‌ಸಿ ಮೋಟಾರ್ ಕಂಬದ ಪಕ್ಕದಲ್ಲಿ, ಗಾಳಿ ಬೀಳುವ ಕಡೆ. ಮುಚ್ಚಿದ ಬಾಡಿಯೊಳಗೆ ಇಟ್ಟರೆ ಕಾಯುತ್ತದೆ. ಬ್ರಶ್‌ಲೆಸ್ ಮೋಟಾರ್ ಕೆರೆಯ ಸಿಹಿನೀರಿಗೆ ಹೆದರುವುದಿಲ್ಲ. ಕರಾವಳಿಯವರು ಮಾತ್ರ ಉಪ್ಪುನೀರಿನಿಂದ ದೂರ ಇರಿ, ಹತ್ತಿರದ ಸಿಹಿನೀರಿನ ಕೆರೆ ಹುಡುಕಿ.

ಈಗ ರೆಕ್ಕೆ ಇಲ್ಲದೆ ಬಾಡಿಯನ್ನು ಮಕ್ಕಳ ಗಾಳಿ ತುಂಬುವ ಟಬ್‌ನಲ್ಲಿ ತೇಲಿಸಿ ನೋಡಿ. ಸಿಜಿ ಜಾಗದಲ್ಲಿ ಭಾರ ಇಟ್ಟು ಒಟ್ಟು 700 ಗ್ರಾಂ ಮಾಡಿ, ಅರ್ಧ ಗಂಟೆ ಬಿಡಿ. ಎತ್ತಿ ಒಳಗೆ ಟಿಶ್ಯೂ ಕಾಗದ ಒತ್ತಿ ನೋಡಿದರೆ ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗುತ್ತದೆ. ಬಾಲ ನೀರಿನಿಂದ ಎಷ್ಟು ಎತ್ತರ ಇದೆ ಅಂತಲೂ ಆಗಲೇ ಅಳೆದುಕೊಂಡು, ರಡ್ಡರ್ ಕೆಳಗೆ ನೀರಲ್ಲಿ 20 ಮಿಮೀ ಮುಳುಗುವಷ್ಟು ಉದ್ದದ ಪ್ಲಾಸ್ಟಿಕ್ ಪಟ್ಟಿ ಸೇರಿಸಿ. ಅದೇ ನೀರಿನ ರಡ್ಡರ್. ಇದಿಲ್ಲದೆ ನಿಧಾನಕ್ಕೆ ಓಡುವಾಗ ತಿರುಗಿಸಲು ಆಗುವುದಿಲ್ಲ.

ಮೊದಲು ಹುಲ್ಲು

ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ ಸಿಜಿ ಕೂರಿಸಿ, ಆ ಜಾಗಕ್ಕೆ ಗುರುತು ಹಾಕಿ. ಎಲಿವೇಟರ್, ಏಲೆರಾನ್ ಎರಡೂ ಮೇಲೆ ಕೆಳಗೆ 12 ಮಿಮೀ, ರಡ್ಡರ್ 25 ಮಿಮೀ, ಎಕ್ಸ್‌ಪೋ (ಸ್ಟಿಕ್‌ನ ನಡುಭಾಗವನ್ನು ಮೆತ್ತಗೆ ಮಾಡುವ ರೇಡಿಯೋ ಸೆಟ್ಟಿಂಗ್) 30 ಪರ್ಸೆಂಟ್. ಫೇಲ್‌ಸೇಫ್‌ನಲ್ಲಿ, ಅಂದರೆ ರೇಡಿಯೋ ಸಿಗ್ನಲ್ ತಪ್ಪಿದಾಗ, ಥ್ರಾಟಲ್ ಸೊನ್ನೆ ಆಗಬೇಕು. ಇದನ್ನೆಲ್ಲ ಪ್ರೊಪೆಲ್ಲರ್ ಬಿಚ್ಚಿಟ್ಟೇ ಮಾಡಿ.

ಆಮೇಲೆ ಉದ್ದ ಹುಲ್ಲಿರುವ ಮೈದಾನಕ್ಕೆ ಹೋಗಿ. ಗೆಳೆಯರೊಬ್ಬರ ಕೈಲಿ ಗಾಳಿಗೆ ಎದುರಾಗಿ ನೇರ ಎಸೆಯಲು ಹೇಳಿ, ಅವರ ಬೆರಳು ಪ್ರೊಪೆಲ್ಲರ್‌ನಿಂದ ದೂರ ಇರಲಿ. ಹಾರಿಸಿ, ಕೈಬಿಟ್ಟರೂ ನೇರ ಹೋಗುವಂತೆ ಟ್ರಿಮ್ ಮಾಡಿ, ಹೊಟ್ಟೆಯ ಮೇಲೆ ಇಳಿಸಿ. ನೀರಿನ ರಡ್ಡರ್ ಪಟ್ಟಿಯನ್ನು ಅವತ್ತಿಗೆ ಬಿಚ್ಚಿಡಿ. ಹಾರಾಟದ ಸಮಸ್ಯೆಗಳೆಲ್ಲ ಹುಲ್ಲಿನಲ್ಲೇ ಮುಗಿದರೆ ಕೆರೆಯಲ್ಲಿ ಏನಾದರೂ ಕೆಟ್ಟಾಗ ಅದು ತಳದ್ದೇ ಅಂತ ನೇರವಾಗಿ ಗೊತ್ತಾಗುತ್ತದೆ.

ಕೆರೆ ಆರಿಸುವುದು

ಮೊದಲು ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ. ಡ್ರೋನ್ ನಿಯಮಗಳು 2021 ನಮ್ಮ ಮಾದರಿ ವಿಮಾನಕ್ಕೂ ಅನ್ವಯಿಸುತ್ತವೆ. ಹಸಿರು ವಲಯದಲ್ಲಿ 400 ಅಡಿ ಒಳಗೆ, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಬೇಕು. ಎಚ್‌ಎಎಲ್, ಜಕ್ಕೂರು, ಯಲಹಂಕ, ದೇವನಹಳ್ಳಿಯ ವಿಮಾನ ನಿಲ್ದಾಣಗಳೆಲ್ಲ ಸೇರಿ ಬೆಂಗಳೂರಿನ ಎಷ್ಟೋ ಕೆರೆಗಳು ಲೆಕ್ಕಕ್ಕೇ ಬರುವುದಿಲ್ಲ, ಊರಾಚೆ ಹೋಗಲೇಬೇಕು. ದೊಡ್ಡ ಅಣೆಕಟ್ಟುಗಳ ಹತ್ತಿರ ಬೇಡ. ರಂಗನತಿಟ್ಟು, ಅಂಕಸಮುದ್ರ, ಗದಗಿನ ಮಾಗಡಿ ಕೆರೆಯಂಥ ಹಕ್ಕಿಗಳ ಜಾಗಕ್ಕೆ ವಿಮಾನ ತರುವ ಯೋಚನೆಯೇ ಬೇಡ. ಸಾವಿರಾರು ಮೈಲಿ ಹಾರಿ ಬಂದ ಹೆಬ್ಬಾತುಗಳನ್ನು ನಮ್ಮ ಆಟಕ್ಕೆ ಎಬ್ಬಿಸಿ ಓಡಿಸುವುದು ಸರಿಯಲ್ಲ. ಊರಿನ ಕೆರೆಯಾದರೆ ಪಂಚಾಯಿತಿಯವರನ್ನೂ ಮೀನು ಸಾಕುವವರನ್ನೂ ಕೇಳಿ. ಬಲೆ ಎಲ್ಲಿದೆ ಅಂತ ಅವರೇ ತೋರಿಸುತ್ತಾರೆ, ವಿಮಾನ ನಡುನೀರಲ್ಲಿ ನಿಂತರೆ ತೆಪ್ಪ ಇರುವುದೂ ಅವರ ಹತ್ತಿರವೇ.

ಏರಿಯ ಕಡೆ ನಿಲ್ಲಬೇಡಿ. ಅಲ್ಲಿ ಕಲ್ಲು ಕಟ್ಟಿರುತ್ತಾರೆ, ಅಲೆ ವಿಮಾನವನ್ನು ತಂದು ಕಲ್ಲಿಗೆ ಬಡಿಯುತ್ತದೆ. ತೂಬು, ಕೋಡಿ ಹತ್ತಿರವೂ ಬೇಡ. ನೀರು ನಿಧಾನಕ್ಕೆ ಆಳವಾಗುವ, ಹುಲ್ಲಿನ ಇಳಿಜಾರಿರುವ ಕಡೆ ಒಳ್ಳೆಯದು. ಗಾಳಿ ಕೆರೆಯಿಂದ ನಿಮ್ಮ ಮುಖಕ್ಕೆ ಬೀಸುವ ದಡದಲ್ಲಿ ನಿಲ್ಲಿ, ಮೋಟಾರ್ ನಿಂತರೂ ವಿಮಾನ ತಾನಾಗಿ ತೇಲಿ ನಿಮ್ಮ ಕಡೆಗೇ ಬರುತ್ತದೆ. ಮಳೆಗಾಲ ಕಳೆದ ಮೇಲೆ ದಕ್ಷಿಣ ಒಳನಾಡಿನಲ್ಲಿ ಗಾಳಿ ಸಾಮಾನ್ಯವಾಗಿ ಪೂರ್ವ, ಈಶಾನ್ಯದಿಂದ. ಅಂದರೆ ಪಡುವಣ ದಡ ಸರಿ, ಮತ್ತು ಬೆಳಿಗ್ಗೆಗಿಂತ ಸಂಜೆ ನಾಲ್ಕರ ಮೇಲೆ ಸರಿ, ಬಿಸಿಲು ಬೆನ್ನಿಗಿರುತ್ತದೆ. ಬೆಳಿಗ್ಗೆ ಅದೇ ದಡದಲ್ಲಿ ನಿಂತರೆ ಸೂರ್ಯ, ಅವನ ನೀರಿನ ಬಿಂಬ ಎರಡೂ ಕಣ್ಣಿಗೆ ಹೊಡೆಯುತ್ತವೆ. ಸಣ್ಣ ಅಲೆ ಇದ್ದರೆ ಖುಷಿಪಡಿ. ಕನ್ನಡಿಯಂತೆ ನಿಂತ ನೀರು ತಳವನ್ನು ಹೆಚ್ಚು ಹಿಡಿಯುತ್ತದೆ, ಇಳಿಸುವಾಗ ಎತ್ತರವೂ ಗೊತ್ತಾಗುವುದಿಲ್ಲ.

ಯಾವ ಕಾರಣಕ್ಕೂ ವಿಮಾನ ತರಲು ಈಜಿ ಹೋಗಬೇಡಿ. ಕೆರೆಯ ಹೂಳು, ಕಳೆ, ಬಲೆ ಈಜು ಬಲ್ಲವರನ್ನೂ ಹಿಡಿಯುತ್ತವೆ. ಮೀನಿನ ಗಾಳದ ಕೋಲಿಗೆ ಟೆನಿಸ್ ಬಾಲ್ ಕಟ್ಟಿಟ್ಟುಕೊಳ್ಳಿ, ವಿಮಾನದ ಆಚೆಗೆ ಎಸೆದು ದಾರ ಎಳೆದರೆ ತಂದುಬಿಡುತ್ತದೆ.

ಓಟ, ಏಳುವುದು

ಮೊದಲ ಬ್ಯಾಟರಿ ಪೂರ್ತಿ ಓಡಿಸುವುದಕ್ಕೇ ಇಡಿ, ಹಾರಿಸಲೇಬೇಡಿ. ನಿಧಾನ ಓಡುವಾಗ ಎಲಿವೇಟರ್ ಪೂರ್ತಿ ಎಳೆದಿರಿ, ಮೂತಿ ಮೇಲಿರುತ್ತದೆ. ಬಿಟ್ಟರೆ ವಿಮಾನ ತಾನಾಗಿ ಗಾಳಿಗೆ ಮುಖ ಮಾಡುತ್ತದೆ, ಗಾಳಿ ಬೆನ್ನಿಗೆ ಬರುವಂತೆ ತಿರುಗಿಸುವುದೇ ಕಷ್ಟ. ಆಗ ಚೂರು ಥ್ರಾಟಲ್ ಕೊಟ್ಟು ರಡ್ಡರ್ ತಿರುಗಿಸಿ.

ಏಳಿಸುವಾಗ ಗಾಳಿಗೆ ನೇರ ಎದುರಾಗಿ ನಿಲ್ಲಿಸಿ. ಎಲಿವೇಟರ್ ಎಳೆದಿಟ್ಟು, ಎರಡು ಮೂರು ಸೆಕೆಂಡ್ ತೆಗೆದುಕೊಂಡು ಥ್ರಾಟಲ್ ಏರಿಸಿ. ಮೊದಲು ಮೂತಿ ಎದ್ದು ದೊಡ್ಡ ಅಲೆ ಬರುತ್ತದೆ. ಹೆದರಬೇಡಿ. ಆಮೇಲೆ ಸದ್ದು ಬದಲಾಗುತ್ತದೆ, ಸಿಂಚನ ಹಿಂದಕ್ಕೆ ಸರಿಯುತ್ತದೆ, ವಿಮಾನ ಸ್ಟೆಪ್ ಮೇಲೆ ಬಂತು ಅಂತ ಅರ್ಥ. ಆ ಕ್ಷಣಕ್ಕೆ ಎಲಿವೇಟರ್ ನಡುವಿಗೆ ಬಿಡಿ, ವೇಗ ತುಂಬಲಿ, ಆಮೇಲೆ ಚೂರೇ ಚೂರು ಎಳೆಯಿರಿ. ಎಳೆದೇ ಹಿಡಿದಿದ್ದರೆ ಬಾಲ ನೀರಿಗೆ ಕಚ್ಚಿಕೊಂಡು ವೇಗವೇ ಬರುವುದಿಲ್ಲ, ಅಥವಾ ಅರೆವೇಗದಲ್ಲಿ ಎದ್ದು ಪಕ್ಕಕ್ಕೆ ಬೀಳುತ್ತದೆ. ಎಡಗಡೆ ತೇಲು ನೀರಿಗೆ ಇಳಿದು ಎಡಕ್ಕೆ ಎಳೆದರೆ ಅದು ಪ್ರೊಪೆಲ್ಲರ್‌ನ ತಿರುಚು, ಬಲ ರಡ್ಡರ್ ಕೊಡಿ, ಥ್ರಾಟಲ್ ಇನ್ನೂ ನಿಧಾನ ಏರಿಸಿ. ಮೂತಿ ಮೇಲೆ ಕೆಳಗೆ ಕುಣಿಯತೊಡಗಿದರೆ ಸ್ಟಿಕ್‌ನಿಂದ ಬೆನ್ನಟ್ಟಬೇಡಿ. ಥ್ರಾಟಲ್ ತೆಗೆಯಿರಿ, ದಡಕ್ಕೆ ತಂದು ಬ್ಯಾಟರಿಯನ್ನು 5 ಮಿಮೀ ಮುಂದೆ ಸರಿಸಿ ಮತ್ತೆ ನೋಡಿ.

ಇಳಿಸುವುದು

ನೆಲದ ಮೇಲೆ ಇಳಿಸುವಂತೆ ಥ್ರಾಟಲ್ ಪೂರ್ತಿ ಮುಚ್ಚಿ ತೇಲಿಸಬೇಡಿ. ಈ ವಿಮಾನದಲ್ಲಿ ಥ್ರಾಟಲ್ ತೆಗೆದ ಕೂಡಲೇ ಮೂತಿ ಏಳುತ್ತದೆ, ವೇಗ ಸಾಯುತ್ತದೆ. ದೂರದಿಂದ, ಗಾಳಿಗೆ ಎದುರಾಗಿ, ಕಾಲು ಭಾಗ ಥ್ರಾಟಲ್‌ನಲ್ಲಿ ಸಣ್ಣ ಇಳಿಜಾರಿನಲ್ಲಿ ಬನ್ನಿ. ನೀರಿನಿಂದ ಒಂದಡಿ ಮೇಲೆ ಮಟ್ಟ ಮಾಡಿ, ಚೂರು ಎಲಿವೇಟರ್ ಹಿಡಿದು ತಾನಾಗಿ ಕೂರಲು ಬಿಡಿ. ಸ್ಟೆಪ್ ತಾಗಿ ಜಾರತೊಡಗಿದ ಮೇಲೆ ಥ್ರಾಟಲ್ ಇಳಿಸುತ್ತಾ ಎಲಿವೇಟರ್ ಎಳೆಯುತ್ತಾ ಬನ್ನಿ. ರೆಕ್ಕೆ ಮಟ್ಟವಾಗಿರಲಿ, ಒಂದು ತೇಲು ಮೊದಲು ತಾಗಿದರೆ ಗಿರಕಿಯೇ. ಐದು ನಿಮಿಷಕ್ಕೆ ಟೈಮರ್ ಇಟ್ಟುಕೊಳ್ಳಿ, ದಡಕ್ಕೆ ವಾಪಸ್ ಓಡಿಸಲೂ ಬ್ಯಾಟರಿ ಉಳಿದಿರಬೇಕಲ್ವಾ.

ದಡಕ್ಕೆ ಬಂದ ಕೂಡಲೇ ಮೊದಲು ಬ್ಯಾಟರಿ ಬಿಚ್ಚಿ. ಬಾಡಿಯೊಳಗಿನ ನೀರು ಒರೆಸಿ, ಮೋಟಾರ್ ಬೇರಿಂಗ್‌ಗೆ ಒಂದು ಹನಿ ಹೊಲಿಗೆ ಮಷಿನ್ ಎಣ್ಣೆ ಬಿಡಿ. ಬ್ಯಾಟರಿ ಬಾಗಿಲು ತೆರೆದೇ ರಾತ್ರಿಯಿಡೀ ಫ್ಯಾನ್ ಕೆಳಗೆ ಇಡಿ. ಲಿಪೋ ನೀರಲ್ಲಿ ಮುಳುಗಿದ್ದರೆ ಮನೆಯೊಳಗೆ ತರದೆ ಹೊರಗೆ ಕಲ್ಲಿನ ಮೇಲೆ ಒಂದು ದಿನ ಇಟ್ಟು, ಊದಿಲ್ಲ ಅಂತ ನೋಡಿ, ಆಮೇಲೇ ಚಾರ್ಜ್ ಮಾಡಿ. ಮುಂದಿನ ವಾರ ಹೊರಡುವ ಮುಂಚೆ ತಳದ ಟೇಪ್‌ನ ಅಂಚುಗಳನ್ನು ಉಗುರಿನಿಂದ ಕೆರೆದು ನೋಡಿ. ಸ್ಟೆಪ್ ಹತ್ತಿರ ಎದ್ದಿರುವುದೇ ಜಾಸ್ತಿ, ಆ ತುಂಡನ್ನು ಕಿತ್ತು ಹೊಸದು ಹಾಕಿ.